ತಾಯಿಯ ರಕ್ತವೂ ಶಿಶುವಿನ ಮಿದುಳೂ
(ದತ್ತಿ ಉಪನ್ಯಾಸದ ಮುದ್ರಿತ ಪಾಠ)



ವೈದ್ಯಶಾಸ್ತ್ರದ ಯಾವುದಾದರೂ ಒಂದು ವಿಷಯವನ್ನು ಎಲ್ಲರಿಗೂ ತಿಳಿಯುವಂತೆ ಕನ್ನಡದಲ್ಲಿ ನಿರೂಪಿಸಬೇಕೆಂಬುದು ಈ ದತ್ತಿಯ ಆಶಯ. ಹೀಗಿರುವಾಗ, ಬಹುಜನರನ್ನು ಬಾಧಿಸುವ ಮಧುಮೇಹವನ್ನೋ ರಕ್ತದೊತ್ತಡವನ್ನೋ ಆರಿಸಿಕೊಳ್ಳದೆ, ಯೂರೋಪು ಅಮೆರಿಕಗಳಲ್ಲಿಯೂ ಹತ್ತು ಹದಿನೈದು ಸಾವಿರ ಶಿಶುಗಳಿಗೆ ಒಂದರಂತೆ ಮಾತ್ರ ಕಾಣಿಸಿಕೊಳ್ಳುವ ಫಿನೈಲ್‌ಕೀಟೋನ್ಯೂರಿಯಾ ಎಂಬ ವಿರಳ ವ್ಯಾಧಿಯನ್ನು, ಅದರಲ್ಲಿಯೂ ಆ ವ್ಯಾಧಿಯುಳ್ಳ ಸ್ತ್ರೀ ಗರ್ಭವತಿಯಾದಾಗ ಒದಗುವ ಸಂಕಟವನ್ನೂ ಅದರ ಪರಿಹಾರವನ್ನೂ, ಇಂದಿನ ವಿಷಯವನ್ನಾಗಿ ಏಕೆ ಆರಿಸಿಕೊಂಡೆನೆಂಬುದನ್ನು ಮೊದಲು ನಿವೇದಿಸಬೇಕು. ವಂಶದಿಂದ ಬಂದುದಕ್ಕೆ ಮದ್ದಿಲ್ಲ ಎಂಬ ನಂಬಿಕೆ ನಮ್ಮಲ್ಲಿ ಬಹಳ ಆಳವಾಗಿ ಬೇರೂರಿದೆ. ಹುಟ್ಟಿನೊಡನೆ ಬಂದುದು ಚಟ್ಟದೊಡನೆ ಹೋಗತಕ್ಕುದೆಂದು ಹೇಳಿ ಸುಮ್ಮನಾಗುವವರು ವಿದ್ಯಾವಂತರಲ್ಲಿಯೂ ಉಂಟು. ಈ ನಂಬಿಕೆಯು ಎಷ್ಟರಮಟ್ಟಿಗೆ ನಿಜ, ಎಲ್ಲಿಂದಾಚೆಗೆ ಸುಳ್ಳು ಎಂಬುದನ್ನು ಫಿನೈಲ್‌ಕೀಟೋನ್ಯೂರಿಯಾದಷ್ಟು ಸ್ಪಷ್ಟವಾಗಿ ತೋರಿಸುವ ಮತ್ತೊಂದು ವ್ಯಾಧಿಯನ್ನು ನಾನು ಅರಿಯೆ. ವಿರಳವಾದುದರ ಅಧ್ಯಯನದಿಂದ ಸರ್ವಸಾಧಾರಣವಾದ ಸತ್ಯವೊಂದು ದೊರಕುವುದಾದರೆ ಅದನ್ನು ಕೇಳಿಸಿಕೊಳ್ಳಲು ತಾವು ಒಂದು ಗಂಟೆಯ ಕಾಲವನ್ನು ದಯಪಾಲಿಸುವಿರೆಂದು ನಂಬಿದ್ದೇನೆ.

1

ನಾವು ಉಣ್ಣುವ ಬೇಳೆ, ಹಾಲು, ಧಾನ್ಯ, ಮೊಟ್ಟೆ, ಮಾಂಸಗಳಲ್ಲಿರುವ ಸಸಾರಜನಕವು, ಎಂದರೆ ಪ್ರೋಟೀನು, ಜಠರದಲ್ಲಿಯೂ ಕರುಳಿನಲ್ಲಿಯೂ ಜೀರ್ಣವಾಗಿ, ಅಮೈನೋ ಆಮ್ಲಗಳೆಂಬ ಸುಮಾರು ಇಪ್ಪತ್ತು ಬಗೆಯ ಘಟಕಗಳಾಗಿ ಒಡೆದು, ರಕ್ತವನ್ನು ಸೇರುತ್ತದೆ. ಅವುಗಳಲ್ಲಿ ಫಿನೈಲ್‌ಅಲನಿನ್ ಎಂಬುದೊಂದು. ದೇಹವು ಇದನ್ನು ತಾನಾಗಿ ನಿರ್ಮಿಸಿಕೊಳ್ಳಲಾರದು. ಅದು ಆಹಾರದಿಂದಲೇ ಬರತಕ್ಕುದು. ಬಂದುದರಲ್ಲಿ ಮೈಯ ಬೆಳವಣಿಗೆಗೆ ಬೇಕಾದಷ್ಟು ವಿನಿಯೋಗವಾದ ಬಳಿಕ ಮಿಕ್ಕುದನ್ನು, ಯಕೃತ್ತಿನಲ್ಲಿರುವ ಫಿನೈಲ್‌ಅಲನಿನ್ ಹೈಡ್ರಾಕ್ಸಿಲೇಸ್ ಎಂಬ ಕಿಣ್ವವು ಟೈರೋಸಿನ್ ಎಂಬ ಬೇರೊಂದು ಅಮೈನೋ ಆಮ್ಲವನ್ನಾಗಿ ಮಾರ್ಪಡಿಸುತ್ತದೆ. ಚರ್ಮಕ್ಕೂ ಕೂದಲಿಗೂ ಬಣ್ಣವನ್ನೀಯುವ ವರ್ಣದ್ರವ್ಯವೂ, ಥೈರಾಯಿಡ್ ಗ್ರಂಥಿಯ ಸ್ರಾವವೂ, ನರದಿಂದ ನರಕ್ಕೆ ಸುದ್ದಿಯನ್ನು ಮುಟ್ಟಿಸುವ ಡೋಪಮೀನ್ ಮುಂತಾದ ದ್ರವ್ಯಗಳೂ ಈ ಟೈರೋಸಿನ್ನಿನಿಂದಲೇ ಸಿದ್ಧವಾಗುವುವು.

ಆ ಕಿಣ್ವವನ್ನು ನಿರ್ಮಿಸುವ ಆದೇಶವು ನಮ್ಮ ಹನ್ನೆರಡನೆಯ ವರ್ಣತಂತುವಿನ ಒಂದು ಜೀನಿನಲ್ಲಿದೆ. ತಂದೆಯಿಂದ ಒಂದು, ತಾಯಿಯಿಂದ ಒಂದು, ಹೀಗೆ ಪ್ರತಿಯೊಬ್ಬರಲ್ಲಿಯೂ ಆ ಜೀನಿನ ಎರಡು ಪ್ರತಿಗಳಿರುತ್ತವೆ. ಒಂದು ಕೆಟ್ಟು ಒಂದು ನೆಟ್ಟಗಿದ್ದರೆ ಆ ವ್ಯಕ್ತಿಗೆ ಯಾವ ಬಾಧೆಯೂ ಇಲ್ಲ. ಅವನು ಕೇವಲ ವಾಹಕ. ಇಬ್ಬರು ವಾಹಕರು ದಂಪತಿಗಳಾದರೆ, ಅವರ ಪ್ರತಿಯೊಂದು ಮಗುವಿಗೂ ಎರಡು ಕೆಟ್ಟ ಪ್ರತಿಗಳೇ ಬರುವ ಸಂಭವವು ನಾಲ್ಕರಲ್ಲಿ ಒಂದು ಪಾಲು. ಅಂತಹ ಮಗುವಿನಲ್ಲಿ ಕಿಣ್ವವು ಇಲ್ಲದೆ ಹೋಗುವುದರಿಂದ, ಸಾಧಾರಣವಾಗಿ ಒಂದು ಡೆಸಿಲೀಟರ್ ರಕ್ತದಲ್ಲಿ ಸುಮಾರು ಒಂದು ಮಿಲಿಗ್ರಾಂ ಇರಬೇಕಾದ ಫಿನೈಲ್‌ಅಲನಿನ್ 20 ಮಿಲಿಗ್ರಾಮನ್ನೂ ಮೀರಿ ಶೇಖರಗೊಳ್ಳುತ್ತದೆ. ಹುಟ್ಟುವಾಗ ಸರ್ವಾಂಗಸುಂದರವಾಗಿದ್ದ ಶಿಶುವು, ತಾಯಿಯ ಹಾಲನ್ನೋ ಹಸುವಿನ ಹಾಲನ್ನೋ ಕುಡಿದು ಬೆಳೆಯುತ್ತ ಬೆಳೆಯುತ್ತ, ತಿಂಗಳುಗಳು ಕಳೆದಂತೆ ಬುದ್ಧಿಮಾಂದ್ಯಕ್ಕೆ ಗುರಿಯಾಗುತ್ತದೆ. ಪೋಷಿಸಬೇಕಾದ ಅನ್ನವೇ ಮಿದುಳಿಗೆ ವಿಷವಾಗಿ ಪರಿಣಮಿಸುವ ಈ ವೈಪರೀತ್ಯವು ವೈದ್ಯರಿಗೂ ಬಹುಕಾಲ ಗೋಚರವಾಗಲಿಲ್ಲ.

2

ಗೋಚರವಾದುದು 1934ರಲ್ಲಿ, ನಾರ್ವೆ ದೇಶದ ಓಸ್ಲೋ ನಗರದಲ್ಲಿ. ಬುದ್ಧಿ ಬೆಳೆಯದ ತನ್ನ ಇಬ್ಬರು ಮಕ್ಕಳ ಮೈಯಿಂದ ಹೊರಡುತ್ತಿದ್ದ ಒಂದು ವಿಚಿತ್ರವಾದ ವಾಸನೆಗೆ ಕಾರಣವೇನೆಂದು ವೈದ್ಯರಿಂದ ವೈದ್ಯರಿಗೆ ಅಲೆದು ಕೇಳುತ್ತಿದ್ದ ತಾಯಿಯೊಬ್ಬಳು, ವೈದ್ಯನೂ ರಸಾಯನಶಾಸ್ತ್ರಜ್ಞನೂ ಆಗಿದ್ದ ಆಸ್‌ಬ್ಯೋರ್ನ್ ಫೋಲಿಂಗನ ಬಳಿಗೆ ಬಂದಳು. ಆ ಮಕ್ಕಳ ಮೂತ್ರಕ್ಕೆ ಫೆರಿಕ್ ಕ್ಲೋರೈಡಿನ ತೊಟ್ಟುಗಳನ್ನು ಬಿಟ್ಟಾಗ, ಅದುವರೆಗೆ ಅವನು ಕಂಡಿರದಿದ್ದ ದಟ್ಟವಾದ ಹಸಿರು ಬಣ್ಣ ಮೂಡಿತು. ಹಸಿರಿಗೆ ಕಾರಣವಾದ ದ್ರವ್ಯವನ್ನು ಲೀಟರುಗಟ್ಟಲೆ ಮೂತ್ರದಿಂದ ಶ್ರಮವಹಿಸಿ ಬೇರ್ಪಡಿಸಿ, ಅದು ಫಿನೈಲ್‌ಪೈರುವಿಕ್ ಆಮ್ಲವೆಂದು ಅವನು ನಿರ್ಣಯಿಸಿದನು. ಬುದ್ಧಿಮಾಂದ್ಯಕ್ಕೆ ದೇಹದ ರಾಸಾಯನಿಕ ಕ್ರಿಯೆಯಲ್ಲಿನ ದೋಷವೊಂದು ಕಾರಣವಾಗಬಹುದೆಂದು ಇಷ್ಟು ಖಚಿತವಾಗಿ ಜಗತ್ತಿಗೆ ತಿಳಿದುದು ಆಗಲೇ. ಯಕೃತ್ತಿನ ಕಿಣ್ವದ ಅಭಾವವೇ ಮೂಲವೆಂಬುದನ್ನು ಮುಂದೆ ಜಾರ್ಜ್ ಜರ್ವಿಸ್ ಸ್ಥಾಪಿಸಿದನು.

ಕಾರಣವು ತಿಳಿದ ಮಾತ್ರಕ್ಕೆ ಚಿಕಿತ್ಸೆಯು ದೊರೆಯಲಿಲ್ಲ. 1951ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದ ಮಕ್ಕಳ ಆಸ್ಪತ್ರೆಯಲ್ಲಿ ಹಾರ್ಸ್ಟ್ ಬಿಕೆಲ್ ಎಂಬ ಜರ್ಮನ್ ವೈದ್ಯನು, ಪುಟ್ಟ ಹೆಣ್ಣುಮಗುವೊಂದರಲ್ಲಿ ಈ ವ್ಯಾಧಿಯನ್ನು ಗುರುತಿಸಿದಾಗ, ಆ ಮಗುವಿನ ತಾಯಿ ವ್ಯಾಧಿಯ ಹೆಸರು ತಿಳಿದಷ್ಟಕ್ಕೇ ಸಮಾಧಾನಗೊಳ್ಳದೆ, ಚಿಕಿತ್ಸೆ ಬೇಕೆಂದು ದಿನದಿನವೂ ಪ್ರಯೋಗಾಲಯದ ಬಾಗಿಲಲ್ಲಿ ಕಾದು ನಿಲ್ಲುತ್ತಿದ್ದಳು. ಅವಳ ಹಟವೇ ಬಿಕೆಲ್, ಜೆರಾರ್ಡ್, ಹಿಕ್‌ಮನ್ಸ್ ಎಂಬ ಮೂವರನ್ನು ಹೊಸ ಪ್ರಯತ್ನಕ್ಕೆ ತೊಡಗಿಸಿತು. ಹಾಲಿನ ಸಸಾರಜನಕವನ್ನು ಒಡೆದು, ಇದ್ದಿಲಿನ ಮೂಲಕ ಶೋಧಿಸಿ, ಫಿನೈಲ್‌ಅಲನಿನ್ನನ್ನು ತೆಗೆದುಹಾಕಿ, ಮಿಕ್ಕುದನ್ನು ಆ ಮಗುವಿಗೆ ಆಹಾರವಾಗಿ ಕೊಟ್ಟರು. ನಿಲ್ಲಲಾರದೆ, ನಡೆಯಲಾರದೆ, ಸದಾ ಅಳುತ್ತಿದ್ದ ಮಗು ಕೆಲವು ತಿಂಗಳಲ್ಲಿ ತೆವಳಿತು, ನಿಂತಿತು, ಅಳುವನ್ನು ನಿಲ್ಲಿಸಿತು. 1953ರಲ್ಲಿ ಈ ವೃತ್ತಾಂತವು ಪ್ರಕಟವಾಯಿತು. ಅದಾದ ಹತ್ತು ವರ್ಷಗಳಿಗೆ, 1963ರಲ್ಲಿ, ಅಮೆರಿಕದ ಬಫಲೋ ನಗರದ ರಾಬರ್ಟ್ ಗಥ್ರಿಯು ನವಜಾತ ಶಿಶುವಿನ ಹಿಮ್ಮಡಿಯಿಂದ ತೆಗೆದ ಕೆಲವು ತೊಟ್ಟು ರಕ್ತವನ್ನು ಶೋಧಕ ಕಾಗದದ ಮೇಲೆ ಒಣಗಿಸಿ ಪರೀಕ್ಷಿಸುವ ಸುಲಭವಾದ ವಿಧಾನವನ್ನು ಲೋಕಕ್ಕೆ ಕೊಟ್ಟನು. ಹುಟ್ಟಿದ ಮೊದಲ ವಾರದಲ್ಲಿಯೇ ವ್ಯಾಧಿಯನ್ನು ಕಂಡುಹಿಡಿದು ಪಥ್ಯವನ್ನು ಆರಂಭಿಸಿದರೆ, ಮಗು ಎಲ್ಲ ಮಕ್ಕಳಂತೆ ಬೆಳೆದು ಓದಿ ಬಾಳುವುದು ಸಾಧ್ಯವೆಂಬುದು ದೇಶದೇಶಗಳಲ್ಲಿ ಸಿದ್ಧವಾಯಿತು. ವಂಶವಾಹಿಯಾದ ಬುದ್ಧಿಮಾಂದ್ಯವೊಂದನ್ನು ಮನುಷ್ಯನು ಅಡುಗೆಮನೆಯಲ್ಲಿ ಗೆದ್ದನು ಎಂದರೆ ಅತಿಶಯೋಕ್ತಿಯಲ್ಲ.

3

ಆದರೆ ಈ ಜಯದ ಗರ್ಭದಲ್ಲಿಯೇ ಮತ್ತೊಂದು ಆಪತ್ತು ಅಡಗಿತ್ತು. ಹೀಗೆ ಉಳಿದ ಮಕ್ಕಳಲ್ಲಿ ಅರ್ಧದಷ್ಟು ಹೆಣ್ಣುಮಕ್ಕಳು. ಆ ಕಾಲದ ವೈದ್ಯರು, ಮಿದುಳಿನ ಬೆಳವಣಿಗೆ ಐದಾರು ವರ್ಷಗಳಲ್ಲಿ ಬಹುಮಟ್ಟಿಗೆ ಮುಗಿಯುವುದಾದುದರಿಂದ ಆಮೇಲೆ ಕಠಿಣವಾದ ಪಥ್ಯವೇಕೆಂದು ಭಾವಿಸಿ, ಅನೇಕರಿಗೆ ಅದನ್ನು ಬಿಡಿಸಿಬಿಟ್ಟಿದ್ದರು. ಬಾಲ್ಯದಲ್ಲಿ ಪಥ್ಯವನ್ನು ಬಿಟ್ಟ ಹುಡುಗಿಯರು ಬೆಳೆದರು, ವಿದ್ಯಾವತಿಯರಾದರು, ವಿವಾಹವಾದರು, ಗರ್ಭವತಿಯರಾದರು. ತಮ್ಮ ರಕ್ತದಲ್ಲಿ ಫಿನೈಲ್‌ಅಲನಿನ್ ಇಪ್ಪತ್ತು ಪಾಲು ಹೆಚ್ಚಿರುವುದನ್ನು ಅವರಲ್ಲಿ ಎಷ್ಟೋ ಮಂದಿ ಮರೆತೇಬಿಟ್ಟಿದ್ದರು.

ಅಪಾಯದ ಸುಳಿವು ಮೊದಲೇ ದೊರೆತಿತ್ತು. 1950ರ ದಶಕದ ನಡುವೆ ಲಂಡನ್ನಿನ ಚಾರ್ಲ್ಸ್ ಡೆಂಟ್ ಎಂಬ ವೈದ್ಯನು, ಫಿನೈಲ್‌ಕೀಟೋನ್ಯೂರಿಯಾ ಇದ್ದ ಒಬ್ಬ ತಾಯಿಯ ಮೂವರು ಮಕ್ಕಳೂ ಮಂದಬುದ್ಧಿಯವರಾಗಿದ್ದುದನ್ನೂ, ಆ ಮಕ್ಕಳಲ್ಲಿ ಯಾರಿಗೂ ಆ ವ್ಯಾಧಿ ಇಲ್ಲದಿದ್ದುದನ್ನೂ ಗಮನಿಸಿ, ತಾಯಿಯ ರಕ್ತವೇ ಮಕ್ಕಳಿಗೆ ಹಾನಿಯನ್ನುಂಟುಮಾಡಿರಬೇಕೆಂದು ಊಹಿಸಿದನು. 1963ರಲ್ಲಿ ಮೇಬ್ರಿ ಎಂಬಾತನೂ ಅವನ ಸಹೋದ್ಯೋಗಿಗಳೂ ಅಮೆರಿಕದಿಂದ ಇಂತಹ ಕುಟುಂಬಗಳನ್ನೇ ವರದಿ ಮಾಡಿದರು. 1980ರಲ್ಲಿ ಲೆಂಕೆ ಮತ್ತು ಲೆವಿ ಎಂಬ ಇಬ್ಬರು ವೈದ್ಯರು ನಾನಾ ದೇಶಗಳಿಂದ 155 ಮಂದಿ ಸ್ತ್ರೀಯರ 524 ಗರ್ಭಧಾರಣೆಗಳ ವೃತ್ತಾಂತವನ್ನು ಕಲೆಹಾಕಿ ಪ್ರಕಟಿಸಿದಾಗ ಸಂಶಯಕ್ಕೆ ಎಡೆಯೇ ಉಳಿಯಲಿಲ್ಲ. ಪಥ್ಯವಿಲ್ಲದೆ, ರಕ್ತದಲ್ಲಿ 20 ಮಿಲಿಗ್ರಾಂ ಅಥವಾ ಅದಕ್ಕೆ ಮಿಗಿಲಾಗಿ ಫಿನೈಲ್‌ಅಲನಿನ್ ಇದ್ದ ತಾಯಂದಿರ ಮಕ್ಕಳಲ್ಲಿ ನೂರಕ್ಕೆ 92ರಷ್ಟು ಬುದ್ಧಿಮಾಂದ್ಯಕ್ಕೂ, 73ರಷ್ಟು ತಲೆಯ ಗಾತ್ರ ಕಿರಿದಾಗುವುದಕ್ಕೂ, 12ರಷ್ಟು ಹೃದಯದ ಜನ್ಮದೋಷಗಳಿಗೂ ಗುರಿಯಾಗಿದ್ದುವು. ನೂರಕ್ಕೆ 40ರಷ್ಟು ಶಿಶುಗಳು ತೂಕ ಕಡಮೆಯಾಗಿ ಹುಟ್ಟಿದ್ದುವು. ಎರಡು ವರ್ಷಗಳ ತರುವಾಯ ಕರ್ಕ್‌ಮನ್ ಎಂಬ ವಿದ್ವಾಂಸನು ಲೆಕ್ಕಹಾಕಿ ಒಂದು ಎಚ್ಚರಿಕೆಯನ್ನು ಕೊಟ್ಟನು: ಈ ತಾಯಂದಿರನ್ನು ಹೀಗೆಯೇ ಕೈಬಿಟ್ಟರೆ, ಶಿಶುಪರೀಕ್ಷೆಯಿಂದ ಉಳಿದ ಮಕ್ಕಳ ಸಂಖ್ಯೆಯಷ್ಟೇ ಮಂದಬುದ್ಧಿಯ ಮಕ್ಕಳು ಅವರ ಗರ್ಭದಿಂದ ಹುಟ್ಟಿ, ಒಂದು ತಲೆಮಾರಿನೊಳಗೆ ವಿಜ್ಞಾನದ ಲಾಭವೆಲ್ಲವೂ ಅಳಿಸಿಹೋಗಬಹುದು.

4

ಇಲ್ಲಿ ಸ್ವಲ್ಪ ನಿಂತು ಯೋಚಿಸತಕ್ಕ ವಿಷಯವೊಂದಿದೆ. ಆ ಮಕ್ಕಳಿಗೆ ವ್ಯಾಧಿಯು ಆನುವಂಶಿಕವಾಗಿ ಬಂದಿತೆ? ಬರಲಿಲ್ಲ. ತಾಯಿಯಿಂದ ಪ್ರತಿ ಮಗುವಿಗೂ ಒಂದು ಕೆಟ್ಟ ಪ್ರತಿ ಬರುವುದು ನಿಶ್ಚಯ. ಅವಳಲ್ಲಿರುವುವು ಎರಡೂ ಕೆಟ್ಟವೇ. ಆದರೆ ತಂದೆಯು ವಾಹಕನಲ್ಲದಿದ್ದರೆ ಅವನಿಂದ ಬರುವ ಒಳ್ಳೆಯ ಪ್ರತಿಯು ಮಗುವನ್ನು ಜೀವನಪರ್ಯಂತ ಕಾಪಾಡಬಲ್ಲುದು. ಅಂತಹ ಮಗು ಜನ್ಮತಃ ಆರೋಗ್ಯವಂತ. ಆದರೂ ಒಂಬತ್ತು ತಿಂಗಳು ಅದು ವಾಸಮಾಡಿದ ಆವರಣವು, ಅದನ್ನು ಬೆಳೆಸಿದ ರಕ್ತವು, ಅದರ ಮಿದುಳನ್ನು ಹಾಳುಮಾಡಿತು. ತಾಯಿಯ ಪಾಲಿಗೆ ಆನುವಂಶಿಕವಾದ ದೋಷವು ಶಿಶುವಿನ ಪಾಲಿಗೆ ಪರಿಸರದ ದೋಷವಾಗಿ ಮಾರ್ಪಟ್ಟಿತು. ಇಂದಿನ ನನ್ನ ಉಪನ್ಯಾಸದ ತಿರುಳೆಲ್ಲ ಈ ಒಂದು ಭೇದದಲ್ಲಿದೆ. ಜೀನನ್ನು ತಿದ್ದುವುದು ನಮ್ಮ ಅಳವಿಗೆ ಸುಲಭವಾಗಿ ಬಾರದಿರಬಹುದು. ಪರಿಸರವನ್ನು ತಿದ್ದುವುದು ಖಂಡಿತವಾಗಿಯೂ ನಮ್ಮ ಕೈಯಲ್ಲಿದೆ.

ಹಾನಿಯು ಸಂಭವಿಸುವ ರೀತಿಯನ್ನೂ ತಕ್ಕಮಟ್ಟಿಗೆ ಬಲ್ಲೆವು. ತಾಯಿಯ ರಕ್ತದಿಂದ ಶಿಶುವಿನ ರಕ್ತಕ್ಕೆ ಅಮೈನೋ ಆಮ್ಲಗಳನ್ನು ಮಾಸು, ಎಂದರೆ ಜರಾಯು, ಎಳೆದು ಸಾಗಿಸುತ್ತದೆ. ಶಿಶುವಿಗೆ ಕೊರತೆಯಾಗದಿರಲೆಂಬಂತೆ, ತಾಯಿಯಲ್ಲಿರುವುದಕ್ಕಿಂತ ಒಂದೂವರೆ ಪಾಲಿನಿಂದ ಎರಡು ಪಾಲಿನಷ್ಟು ಫಿನೈಲ್‌ಅಲನಿನ್ ಶಿಶುವಿನ ರಕ್ತದಲ್ಲಿ ನಿಲ್ಲುತ್ತದೆ. ಸಾಮಾನ್ಯ ಸ್ಥಿತಿಯಲ್ಲಿ ಇದು ಪ್ರಕೃತಿಯ ಅನುಗ್ರಹ. ಈ ವ್ಯಾಧಿಯಲ್ಲಿ ಅದೇ ಅನುಗ್ರಹವು ವಿಷವನ್ನು ಇಮ್ಮಡಿಗೊಳಿಸುತ್ತದೆ. ಇದಲ್ಲದೆ, ಫಿನೈಲ್‌ಅಲನಿನ್, ಟೈರೋಸಿನ್, ಟ್ರಿಪ್ಟೊಫಾನ್, ಲ್ಯೂಸಿನ್ ಮೊದಲಾದುವೆಲ್ಲ ಒಂದೇ ವಾಹಕದ ಆಶ್ರಯದಿಂದ ಮಾಸನ್ನೂ, ಅನಂತರ ಮಿದುಳಿನ ರಕ್ತನಾಳಗಳ ಗೋಡೆಯನ್ನೂ ದಾಟತಕ್ಕುವು. ಹೊಳೆಯನ್ನು ದಾಟಿಸುವ ಒಂದೇ ಹರಿಗೋಲನ್ನು ಒಂದೇ ಊರಿನವರು ಗುಂಪಾಗಿ ಬಂದು ತುಂಬಿಕೊಂಡರೆ ಮಿಕ್ಕ ಊರಿನವರೆಲ್ಲ ದಡದಲ್ಲಿಯೇ ಉಳಿಯುವಂತೆ, ಫಿನೈಲ್‌ಅಲನಿನ್ ಮಿತಿಮೀರಿದಾಗ ಮಿದುಳಿಗೆ ಆವಶ್ಯಕವಾದ ಉಳಿದ ಅಮೈನೋ ಆಮ್ಲಗಳು ತಲಪದೆ ಹೋಗುವುವು. ಹೀಗೆ ಒಂದರ ಅತಿಶಯವೂ ಹಲವುದರ ಅಭಾವವೂ ಏಕಕಾಲದಲ್ಲಿ ಬೆಳೆಯುತ್ತಿರುವ ಮಿದುಳನ್ನು ಪೀಡಿಸುತ್ತವೆ.

ಕಾಲದ ಪ್ರಶ್ನೆ ಇದಕ್ಕಿಂತಲೂ ಮುಖ್ಯವಾದುದು. ಭ್ರೂಣದ ಹೃದಯವು ಗರ್ಭಾಂಕುರವಾದ ಮೊದಲ ಎಂಟು ವಾರಗಳೊಳಗೆ ತನ್ನ ನಾಲ್ಕು ಕೋಣೆಗಳನ್ನು ರಚಿಸಿಕೊಂಡುಬಿಡುತ್ತದೆ. ಮುಟ್ಟು ನಿಂತು, ಸಂಶಯ ಹುಟ್ಟಿ, ಮನೆಯ ಹಿರಿಯರಿಗೆ ತಿಳಿಸಿ, ವೈದ್ಯರನ್ನು ಕಾಣುವಷ್ಟರಲ್ಲಿ ಆ ವಾರಗಳಲ್ಲಿ ಬಹುಪಾಲು ಕಳೆದುಹೋಗಿರುವುದು ಸಹಜ. ಆದುದರಿಂದ ಇತರ ರೋಗಗಳಲ್ಲಿ ಗರ್ಭವು ನಿಂತ ಮೇಲೆ ಚಿಕಿತ್ಸೆಯನ್ನು ಆರಂಭಿಸಿದರೆ ಸಾಕಾಗಬಹುದಾದರೂ, ಇಲ್ಲಿ ಗರ್ಭಧಾರಣೆಗೆ ಪೂರ್ವದಲ್ಲಿಯೇ ರಕ್ತವನ್ನು ಶುದ್ಧಸ್ಥಿತಿಗೆ ತಂದಿರತಕ್ಕುದು ಅನಿವಾರ್ಯ. 1984ರಲ್ಲಿ ರಿಚರ್ಡ್ ಕಾಕ್ ಎಂಬ ಅಮೆರಿಕದ ವೈದ್ಯನ ನೇತೃತ್ವದಲ್ಲಿ ಆರಂಭವಾಗಿ, ಅಮೆರಿಕ, ಕೆನಡಾ, ಜರ್ಮನಿಗಳಲ್ಲಿ ಹಲವಾರು ವರ್ಷ ನಡೆದ ಸಹಕಾರಿ ಅಧ್ಯಯನವು ಇದನ್ನೇ ದೃಢಪಡಿಸಿತು. ಗರ್ಭಧಾರಣೆಗೆ ಮುಂಚೆಯೇ, ಅಥವಾ ತಪ್ಪಿದರೆ ಎಂಟು ಹತ್ತು ವಾರಗಳೊಳಗೆ, ತಾಯಿಯ ರಕ್ತದ ಮಟ್ಟವು ಹತೋಟಿಗೆ ಬಂದಿದ್ದರೆ ಮಕ್ಕಳು ಬುದ್ಧಿಯಲ್ಲಿ ಇತರ ಮಕ್ಕಳಿಗೆ ಹೆಚ್ಚುಕಡಮೆ ಸರಿಸಮಾನರಾಗಿ ಬೆಳೆದರು. ಹತೋಟಿಯು ತಡವಾದಷ್ಟೂ ಮಕ್ಕಳ ಬುದ್ಧಿಶಕ್ತಿ ಕುಗ್ಗುತ್ತ ಹೋಯಿತು.

5

ಈಗ ಆ ಹತೋಟಿಯನ್ನು ಸಾಧಿಸುವ ಬಗೆಯನ್ನು ಹೇಳುತ್ತೇನೆ. ಗರ್ಭಧಾರಣೆಗೆ ಮುಂಚೆ ಕೆಲವು ತಿಂಗಳಿಂದ ತೊಡಗಿ ಹೆರಿಗೆಯವರೆಗೆ ರಕ್ತದ ಫಿನೈಲ್‌ಅಲನಿನ್ ಒಂದು ಡೆಸಿಲೀಟರಿಗೆ 2ರಿಂದ 6 ಮಿಲಿಗ್ರಾಂಗಳ ನಡುವೆ ಇರಬೇಕೆಂಬುದು ಅಮೆರಿಕದ ಮತ್ತು ಯೂರೋಪಿನ ತಜ್ಞರು ಒಪ್ಪಿರುವ ಮಿತಿ. ಎರಡಕ್ಕಿಂತ ಕೆಳಗಿಳಿಯುವುದೂ ಹಿತವಲ್ಲ. ಫಿನೈಲ್‌ಅಲನಿನ್ ಇಲ್ಲದೆ ಶಿಶುವಿನ ಮೈಯೇ ಕಟ್ಟಿಕೊಳ್ಳದಾದುದರಿಂದ ಅದರ ಬೆಳವಣಿಗೆ ಕುಂಠಿತವಾಗುವುದು. ವರ್ಜನವಲ್ಲ, ಮಿತಿಯೇ ಇಲ್ಲಿ ಧರ್ಮ.

ಒಂದು ಗ್ರಾಂ ಸಸಾರಜನಕದಲ್ಲಿ ಸುಮಾರು 50 ಮಿಲಿಗ್ರಾಂ ಫಿನೈಲ್‌ಅಲನಿನ್ ಇರುತ್ತದೆಂಬ ಸ್ಥೂಲವಾದ ಲೆಕ್ಕವನ್ನು ನೆನಪಿನಲ್ಲಿಟ್ಟುಕೊಂಡರೆ ಈ ಪಥ್ಯದ ಕಾಠಿಣ್ಯವು ಮನಸ್ಸಿಗೆ ಬರುವುದು. ಸಾಧಾರಣ ಗರ್ಭಿಣಿಯ ಒಂದು ದಿನದ ಊಟದಲ್ಲಿ 60ರಿಂದ 70 ಗ್ರಾಂ ಸಸಾರಜನಕವೂ, ಅದರಲ್ಲಿ ಮೂರು ಸಾವಿರ ಮಿಲಿಗ್ರಾಂಗೂ ಮೇಲ್ಪಟ್ಟ ಫಿನೈಲ್‌ಅಲನಿನ್ನೂ ಇರುತ್ತವೆ. ತೀವ್ರಸ್ವರೂಪದ ವ್ಯಾಧಿಯುಳ್ಳವಳು ಗರ್ಭದ ಮೊದಲ ತಿಂಗಳುಗಳಲ್ಲಿ ಸಹಿಸಬಲ್ಲುದು ದಿನಕ್ಕೆ 250ರಿಂದ 500 ಮಿಲಿಗ್ರಾಂ ಮಾತ್ರ. ನೂರು ಗ್ರಾಂ ಹಿಟ್ಟಿನ ಒಂದು ರಾಗಿಮುದ್ದೆಯಲ್ಲಿಯೇ ಏಳು ಗ್ರಾಂ ಸಸಾರಜನಕವಿದೆ. ಒಂದು ದೊಡ್ಡ ಲೋಟ ಹಾಲಿನಲ್ಲಿಯೂ ಹೆಚ್ಚುಕಡಮೆ ಅಷ್ಟೇ. ಇವೆರಡನ್ನು ತೆಗೆದುಕೊಂಡರೆ ಅವಳ ಒಂದು ದಿನದ ಪಾಲು ಮೀರಿಹೋಯಿತು. ಬೇಳೆ, ಕಾಳು, ಮೊಸರು, ಕಡಲೆಕಾಯಿ, ಮೊಟ್ಟೆ, ಮೀನು, ಮಾಂಸಗಳನ್ನು ದೂರವಿಟ್ಟು, ಅನ್ನವನ್ನೂ ತೂಗಿ ಬಡಿಸಿಕೊಂಡು, ಸಾಬಕ್ಕಿ, ಆರಾರೂಟು, ಹಣ್ಣು, ಕೆಲವು ತರಕಾರಿ, ತುಪ್ಪ, ಎಣ್ಣೆ, ಬೆಲ್ಲಗಳಿಂದ ಹೊಟ್ಟೆಯನ್ನು ತುಂಬಿಸಬೇಕು. ಆಸ್ಪರ್ಟೇಮ್ ಎಂಬ ಕೃತಕ ಸಿಹಿಯು ಫಿನೈಲ್‌ಅಲನಿನ್ನನ್ನು ಒಳಗೊಂಡಿರುವುದರಿಂದ ಅದು ಸೇರಿದ ಪಾನೀಯಗಳೂ ನಿಷಿದ್ಧ; ಅಂತಹ ಪೊಟ್ಟಣಗಳ ಮೇಲೆ ಈ ರೋಗಿಗಳಿಗೆ ಎಚ್ಚರಿಕೆಯನ್ನು ಮುದ್ರಿಸಬೇಕೆಂದು ನಮ್ಮ ದೇಶದ ನಿಯಮವೂ ವಿಧಿಸಿದೆ.

ಇಷ್ಟರಿಂದಲೇ ಗರ್ಭವು ಪೋಷಣೆಗೊಳ್ಳದು. ಕಡಮೆಯಾದ ಸಸಾರಜನಕದ ಸ್ಥಾನದಲ್ಲಿ, ಫಿನೈಲ್‌ಅಲನಿನ್ ಇಲ್ಲದ ಉಳಿದೆಲ್ಲ ಅಮೈನೋ ಆಮ್ಲಗಳ ಮಿಶ್ರಣವನ್ನು ಪುಡಿಯ ರೂಪದಲ್ಲಿ ನೀರಿಗೆ ಕದಡಿ, ದಿನಕ್ಕೆ ಮೂರು ನಾಲ್ಕು ಬಾರಿ ಹಂಚಿಕೊಂಡು ಕುಡಿಯಬೇಕು. ಯಕೃತ್ತು ಟೈರೋಸಿನ್ನನ್ನು ಸಿದ್ಧಪಡಿಸಲಾರದ ಕಾರಣ ಅದೂ ಈ ಪುಡಿಯಿಂದಲೇ ದೊರೆಯಬೇಕು. ಪ್ರಾಣಿಜನ್ಯ ಆಹಾರವಿಲ್ಲದುದರಿಂದ ಬಿ-12 ಜೀವಸತ್ವವನ್ನೂ, ಕಬ್ಬಿಣ, ಸತುವು, ಫೋಲಿಕ್ ಆಮ್ಲಗಳನ್ನೂ ಪ್ರತ್ಯೇಕವಾಗಿ ಗಮನಿಸಬೇಕು. ಆ ಪುಡಿಯ ರುಚಿಯೂ ವಾಸನೆಯೂ ಅಹಿತವಾದುವು. ಬಸುರಿನ ವಾಕರಿಕೆಯ ದಿನಗಳಲ್ಲಂತೂ ಅದನ್ನು ಗಂಟಲಿನಲ್ಲಿ ಇಳಿಸುವುದು ತಪಸ್ಸಿಗೆ ಸಮಾನ. ಆದರೆ ಊಟ ಸೇರದೆ, ವಾಂತಿಯಾಗಿ, ಮೈ ಬಡವಾದರೆ, ದೇಹವು ತನ್ನ ಮಾಂಸಖಂಡಗಳ ಸಸಾರಜನಕವನ್ನೇ ಒಡೆದುಕೊಳ್ಳತೊಡಗಿ, ಒಂದು ತುತ್ತನ್ನೂ ತಿನ್ನದಿದ್ದರೂ ಫಿನೈಲ್‌ಅಲನಿನ್ ಏರುವುದು. ಈ ಕಾರಣದಿಂದ ಉಪವಾಸವು ಇಲ್ಲಿ ಪಥ್ಯವಲ್ಲ, ಅಪಥ್ಯ. ವಾಂತಿಯನ್ನು ಕೂಡಲೇ ಔಷಧದಿಂದ ನಿಲ್ಲಿಸುವುದೂ, ಜ್ವರಗಿರ ಬಂದಾಗ ಸಿಹಿಗಂಜಿಯಂತಹ ಶಕ್ತಿದಾಯಕವಾದ ಆಹಾರವನ್ನು ಬಿಡದೆ ಕೊಡುವುದೂ ಚಿಕಿತ್ಸೆಯ ಅಂಗಗಳೇ.

ವಾರಕ್ಕೆ ಒಂದು ಅಥವಾ ಎರಡು ಸಲ ಬೆರಳಿನ ತುದಿಯಿಂದ ರಕ್ತವನ್ನು ಕಾಗದದ ಮೇಲೆ ಒಣಗಿಸಿ ಪರೀಕ್ಷೆಗೆ ಕಳುಹಿಸಬೇಕು. ಬಂದ ಉತ್ತರಕ್ಕನುಸಾರವಾಗಿ ಆಹಾರತಜ್ಞರು ತೂಕಗಳನ್ನು ತಿದ್ದಬೇಕು. ಐದನೆಯ ತಿಂಗಳ ಸುಮಾರಿಗೆ ಒಂದು ಶುಭಪರಿವರ್ತನೆ ಕಾಣಿಸುತ್ತದೆ. ಶಿಶುವು ವೇಗವಾಗಿ ಬೆಳೆಯುತ್ತ ಫಿನೈಲ್‌ಅಲನಿನ್ನನ್ನು ತನ್ನ ಮೈಗೆ ಬಳಸಿಕೊಳ್ಳುತ್ತದೆ. ತಂದೆಯಿಂದ ಒಳ್ಳೆಯ ಜೀನನ್ನು ಪಡೆದ ಶಿಶುವಿನ ಯಕೃತ್ತೂ ಕೆಲಸಕ್ಕೆ ತೊಡಗುತ್ತದೆ. ತಾಯಿಯ ಸಹನಶಕ್ತಿ ಎರಡು ಮೂರು ಪಟ್ಟು ಹೆಚ್ಚಿ, ಅನ್ನದ ಪಾಲನ್ನು ಏರಿಸಬಹುದು, ಏರಿಸಲೂ ಬೇಕು. ಐದನೆಯ ತಿಂಗಳಿನಲ್ಲಿಯೇ ಶಿಶುವಿನ ಹೃದಯವನ್ನು ವಿಶೇಷವಾಗಿ ಸ್ಕ್ಯಾನಿನಿಂದ ಪರಿಶೀಲಿಸುವುದು ವಿಹಿತ. ಪಥ್ಯವನ್ನು ಸಡಿಲಿಸಲು ನೆರವಾಗುವ ಸಾಪ್ರೊಪ್ಟೆರಿನ್ ಎಂಬ ಔಷಧವು 2007ರಿಂದ ಅಮೆರಿಕದಲ್ಲಿ ಬಳಕೆಗೆ ಬಂದಿದ್ದು, ಕಿಣ್ವದ ಶಕ್ತಿ ಅಲ್ಪಸ್ವಲ್ಪ ಉಳಿದಿರುವವರಲ್ಲಿ ಫಲಿಸುತ್ತದೆ. ಗರ್ಭಿಣಿಯರಲ್ಲಿ ಅದರ ಉಪಯೋಗವನ್ನು ವೈದ್ಯರು ವ್ಯಕ್ತಿಯನ್ನು ನೋಡಿ ನಿರ್ಧರಿಸುತ್ತಾರೆ. ಹೆರಿಗೆಯಾದ ಮೇಲೆ ತಾಯಿಯು ಎದೆಹಾಲನ್ನೂಡಿಸಲು ಅಡ್ಡಿಯಿಲ್ಲ; ಮಗುವಿನ ರಕ್ತವನ್ನು ಮಾತ್ರ ಮೊದಲ ವಾರದಲ್ಲಿ ಪರೀಕ್ಷಿಸಬೇಕು. ಪಥ್ಯವನ್ನು ಬಿಟ್ಟ ತಾಯಿಗೆ ಏಕಾಗ್ರತೆ ಕುಂದುವುದೂ, ಮನಸ್ಸು ಖಿನ್ನವಾಗುವುದೂ ಉಂಟಾದುದರಿಂದ, ಮಗುವನ್ನು ಸಾಕುವ ಶಕ್ತಿಯು ಅವಳಲ್ಲಿ ಉಳಿಯಬೇಕಾದರೆ ಪಥ್ಯವು ಬಾಣಂತಿತನದಲ್ಲಿಯೂ ಮುಂದುವರಿಯತಕ್ಕುದು.

6

ಇದೆಲ್ಲವೂ ಪರದೇಶದ ಮಾತು, ನಮಗೇನು ಸಂಬಂಧ ಎಂದು ಯಾರೂ ಭಾವಿಸಬಾರದು. ಭಾರತದಲ್ಲಿ ನವಜಾತ ಶಿಶುಗಳ ಅಮೈನೋ ಆಮ್ಲದೋಷಗಳನ್ನು ದೊಡ್ಡ ಪ್ರಮಾಣದಲ್ಲಿ ಪರೀಕ್ಷಿಸುವ ಕಾರ್ಯವು ಮೊದಲಾದುದೇ ಬೆಂಗಳೂರಿನಲ್ಲಿ. 1980ರ ದಶಕದಲ್ಲಿ ಭಾರತೀಯ ವಿಜ್ಞಾನ ಮಂದಿರದ ಜೀವರಸಾಯನ ವಿಭಾಗದ ಎನ್. ಅಪ್ಪಾಜಿ ರಾವ್, ಎಚ್. ಎಸ್. ಸಾವಿತ್ರಿ, ಎ. ರಾಧಾರಮಾದೇವಿ ಮುಂತಾದವರು ಕರ್ನಾಟಕದ ಸುಮಾರು ಒಂದು ಲಕ್ಷ ಶಿಶುಗಳ ರಕ್ತವನ್ನು ಪರೀಕ್ಷಿಸಿ, ಇಂತಹ ಆನುವಂಶಿಕ ವ್ಯಾಧಿಗಳು ನಮ್ಮಲ್ಲಿಯೂ ಉಂಟೆಂಬುದನ್ನು ತೋರಿಸಿಕೊಟ್ಟರು. ಅವರ ಬಳಗದ ಸಮೀಕ್ಷೆಯಿಂದಲೇ, ಆ ಕಾಲದಲ್ಲಿ ಇಲ್ಲಿನ ವಿವಾಹಗಳಲ್ಲಿ ಮೂರರಲ್ಲಿ ಒಂದರಷ್ಟು ರಕ್ತಸಂಬಂಧದೊಳಗಿನವೆಂದೂ, ಅವುಗಳಲ್ಲಿ ಸೋದರಮಾವನೊಡನೆ ಆಗುವ ವಿವಾಹಗಳೇ ಹೆಚ್ಚೆಂದೂ ತಿಳಿದುಬಂದಿತು. ಈ ವ್ಯಾಧಿಯುಳ್ಳ ಕನ್ಯೆಯನ್ನು ಹತ್ತಿರದ ಬಂಧುವಿಗೆ ಕೊಟ್ಟು ವಿವಾಹ ಮಾಡಿದರೆ, ಅವನೂ ವಾಹಕನಾಗಿರುವ ಸಂಭವ ಹೆಚ್ಚು. ಅವನು ವಾಹಕನಾದಲ್ಲಿ ಹುಟ್ಟುವ ಪ್ರತಿಯೊಂದು ಮಗುವಿಗೂ ವ್ಯಾಧಿಯು ಬರುವ ಸಂಭವ ಎರಡರಲ್ಲಿ ಒಂದು ಪಾಲು. ಇದನ್ನು ತಿಳಿದು ನಡೆಯುವುದು ಬಂಧುಪ್ರೇಮಕ್ಕೆ ವಿರುದ್ಧವಲ್ಲ.

ಶಿಶುಪರೀಕ್ಷೆಯು ಇಂದಿಗೂ ನಮ್ಮ ನಾಡಿನ ಪ್ರತಿಯೊಂದು ತೊಟ್ಟಿಲನ್ನು ಮುಟ್ಟಿಲ್ಲವಾದುದರಿಂದ, ನಮ್ಮಲ್ಲಿ ಇನ್ನೊಂದು ಎಚ್ಚರವು ಆವಶ್ಯಕ. ವ್ಯಾಧಿಯು ಸೌಮ್ಯವಾಗಿದ್ದುದರಿಂದ ಗುರುತಿಸಲ್ಪಡದೆಯೇ ಬೆಳೆದು ಗೃಹಿಣಿಯಾದ ಸ್ತ್ರೀಗೆ, ತಲೆ ಚಿಕ್ಕದಾಗಿ ಬುದ್ಧಿ ಬೆಳೆಯದ ಮಕ್ಕಳು ಒಂದರ ಮೇಲೊಂದು ಹುಟ್ಟಬಹುದು. ವೈದ್ಯರು ಮಕ್ಕಳ ರಕ್ತವನ್ನು ಪರೀಕ್ಷಿಸಿ, ದೋಷವನ್ನು ಕಾಣದೆ, ಕೈಚೆಲ್ಲುತ್ತಾರೆ. ಮನೆಯವರು ಗ್ರಹಚಾರವೆನ್ನುತ್ತಾರೆ, ಅಥವಾ ಸೊಸೆಯ ಕಾಲ್ಗುಣವೆನ್ನುತ್ತಾರೆ. ಆಗ ಪರೀಕ್ಷಿಸಬೇಕಾದುದು ತಾಯಿಯ ರಕ್ತವನ್ನು. ಅಲ್ಪ ವೆಚ್ಚದ ಆ ಒಂದು ಪರೀಕ್ಷೆಯು ಅವಳ ಮುಂದಿನ ಮಗುವನ್ನು ಉಳಿಸಬಲ್ಲುದು. ಈ ಸಭೆಯಲ್ಲಿರುವ ತರುಣ ವೈದ್ಯಮಿತ್ರರು ಇನ್ನೆಲ್ಲವನ್ನು ಮರೆತರೂ ಈ ಮಾತನ್ನು ಮರೆಯದಿರಲೆಂದು ಪ್ರಾರ್ಥಿಸುತ್ತೇನೆ.

ನಮ್ಮ ಕುಟುಂಬಗಳ ಆಚಾರವನ್ನೂ ಕುರಿತು ಒಂದು ಮಾತು. ಬಸುರಿಗೆ ಬಯಕೆಯೂಟ ಮಾಡಿಸಿ, ಹಾಲು ಮೊಸರು ಬೇಳೆಕಾಳುಗಳನ್ನು ಒತ್ತಾಯದಿಂದ ಬಡಿಸುವುದು ನಮ್ಮಲ್ಲಿ ವಾತ್ಸಲ್ಯದ ಲಕ್ಷಣ. ಆ ವಾತ್ಸಲ್ಯವನ್ನು ತಿರಸ್ಕರಿಸುವ ಧೈರ್ಯವು ಹೊಸದಾಗಿ ಬಂದ ಸೊಸೆಗೆ ಎಲ್ಲಿಂದ ಬಂದೀತು? ಅದರಲ್ಲಿಯೂ ಕನ್ಯೆಯ ವ್ಯಾಧಿಯನ್ನು ಮರೆಮಾಚಿ ಮದುವೆ ಮಾಡಿದ್ದರೆ, ಅವಳು ಯಾರಿಗೂ ತಿಳಿಯದಂತೆ ತಟ್ಟೆಯನ್ನು ಅತ್ತ ಸರಿಸಬೇಕು, ಪುಡಿಯನ್ನು ಬಚ್ಚಿಟ್ಟು ಕುಡಿಯಬೇಕು. ಗುಟ್ಟಿನಲ್ಲಿ ನಡೆಯುವ ಪಥ್ಯವು ಎಂದಿಗೂ ಪೂರ್ಣವಾಗಿ ನಡೆಯದು. ಸತ್ಯವನ್ನು ಮೊದಲೇ ಹೇಳಿ, ಅತ್ತೆಯನ್ನೂ ಪತಿಯನ್ನೂ ಆಹಾರತಜ್ಞರ ಎದುರಿಗೆ ಕೂಡಿಸಿ, ತೂಗುವ ತಕ್ಕಡಿಯನ್ನು ಅಡುಗೆಮನೆಯಲ್ಲಿ ಎಲ್ಲರೂ ಕಾಣುವಂತೆ ಇಡುವುದೊಂದೇ ದಾರಿ. ಇದರೊಡನೆ, ಬಯಸಿದಾಗ ಗರ್ಭವನ್ನು ಧರಿಸುವ, ಸಿದ್ಧವಾಗುವವರೆಗೆ ಮುಂದೂಡುವ ಸ್ವಾತಂತ್ರ್ಯವೂ ಅವಳಿಗಿರಬೇಕು. ಮದುವೆಯಾದ ವರ್ಷದಲ್ಲಿಯೇ ತೊಟ್ಟಿಲನ್ನು ಕಟ್ಟಬೇಕೆಂಬ ಆತುರವು ಇಲ್ಲಿ ಶಿಶುದ್ರೋಹವಾಗಬಹುದು.

ರಾಜ್ಯದ ಹೊಣೆಯೂ ಅಲ್ಪವಲ್ಲ. 2021ರ ರಾಷ್ಟ್ರೀಯ ವಿರಳ ರೋಗಗಳ ನೀತಿಯು ಫಿನೈಲ್‌ಕೀಟೋನ್ಯೂರಿಯಾವನ್ನು ವಿಶೇಷ ಆಹಾರದಿಂದ ನಿರ್ವಹಿಸಬಹುದಾದ ವ್ಯಾಧಿಗಳ ವರ್ಗದಲ್ಲಿ ಸೇರಿಸಿದೆ. ಬೆಂಗಳೂರಿನಲ್ಲಿ ಮಾನವ ತಳಿವಿಜ್ಞಾನ ಕೇಂದ್ರವೂ ಇಂದಿರಾಗಾಂಧಿ ಮಕ್ಕಳ ಆಸ್ಪತ್ರೆಯೂ ಕೂಡಿ ಆ ನೀತಿಯ ಉತ್ಕೃಷ್ಟತಾ ಕೇಂದ್ರವಾಗಿ ನಿಯುಕ್ತವಾಗಿವೆ. ಇದು ಸಂತೋಷದ ಸಂಗತಿ. ಆದರೆ ಮಕ್ಕಳ ಆಸ್ಪತ್ರೆಯ ಬಾಗಿಲು ಬಾಲ್ಯದೊಡನೆ ಮುಚ್ಚುತ್ತದೆ. ಹದಿನೆಂಟು ತುಂಬಿದ ಹುಡುಗಿ ಯಾರ ಬಳಿಗೆ ಹೋಗಬೇಕು? ಮಕ್ಕಳ ವೈದ್ಯನು ಅವಳನ್ನು ಬೀಳ್ಕೊಟ್ಟು, ಪ್ರಸೂತಿತಜ್ಞೆಯು ಅವಳನ್ನು ಇನ್ನೂ ಅರಿಯದಿರುವ ಆ ಎಡೆಯಲ್ಲಿಯೇ, ಮುಂದಿನ ತಲೆಮಾರಿನ ಮಿದುಳು ಬೆಳೆಯತೊಡಗಿರುತ್ತದೆ. ಈ ಎರಡು ಬಾಗಿಲುಗಳ ನಡುವೆ ಸೇತುವೆಯನ್ನು ಕಟ್ಟುವುದು ಆಸ್ಪತ್ರೆಗಳ ಕರ್ತವ್ಯ. ಆ ದುಬಾರಿಯಾದ ಪುಡಿಯು ಗರ್ಭಿಣಿಗೆ ಒಂದು ದಿನವೂ ತಪ್ಪದಂತೆ ನೋಡಿಕೊಳ್ಳುವುದು ಸರ್ಕಾರದ ಕರ್ತವ್ಯ.

7

ಮಾನ್ಯರೆ, ನಾನು ಹೇಳಬೇಕೆಂದಿದ್ದುದರ ಸಾರವನ್ನು ಸಂಗ್ರಹಿಸಿ ಮುಗಿಸುತ್ತೇನೆ. ಹೆಣ್ಣುಮಗುವೊಂದನ್ನು ಶೈಶವದಲ್ಲಿ ಬುದ್ಧಿಮಾಂದ್ಯದಿಂದ ಉಳಿಸಿದ ಸಮಾಜವು, ಅಲ್ಲಿಗೆ ತನ್ನ ಕೆಲಸ ಮುಗಿಯಿತೆಂದು ಭಾವಿಸುವುದು ಸಲ್ಲದು. ಉಳಿಸುವುದೆಂದರೆ ಅವಳು ಪೂರ್ಣಜೀವನವನ್ನು ಬಾಳುವಂತೆ ಮಾಡುವುದು. ಅವಳು ಬಯಸಿದರೆ ತಾಯಿಯಾಗುವುದೂ ಆ ಪೂರ್ಣತೆಯಲ್ಲಿ ಸೇರಿದೆ. ಇಂತಹ ವ್ಯಾಧಿಯುಳ್ಳವಳು ಮಗುವನ್ನು ಹೆರಲೇ ಬಾರದೆಂದು ವಿಧಿಸುವುದು ವಿಜ್ಞಾನಕ್ಕೂ ಕರುಣೆಗೂ ಸಮ್ಮತವಲ್ಲ, ಏಕೆಂದರೆ ಸಕಾಲದಲ್ಲಿ ಪಥ್ಯವನ್ನು ಪಾಲಿಸಿದ ನೂರಾರು ತಾಯಂದಿರು ಆರೋಗ್ಯವಂತರಾದ ಮಕ್ಕಳನ್ನು ಹೆತ್ತು ಅದನ್ನು ಸುಳ್ಳುಮಾಡಿದ್ದಾರೆ. ಆದರೆ ಹೊಣೆಯನ್ನೆಲ್ಲ ಅವಳೊಬ್ಬಳ ನಾಲಗೆಯ ಮೇಲೆ ಹೊರಿಸಿ, ತಪ್ಪಿದರೆ ಅವಳನ್ನೇ ದೂಷಿಸುವುದು ಅದಕ್ಕಿಂತಲೂ ದೊಡ್ಡ ಅನ್ಯಾಯ. ಒಂದು ತೊಟ್ಟು ರಕ್ತವನ್ನು ಪರೀಕ್ಷಿಸುವ ಪ್ರಯೋಗಾಲಯ, ಗ್ರಾಮುಗಳನ್ನು ಎಣಿಸಿಕೊಡುವ ಆಹಾರತಜ್ಞೆ, ಪುಡಿಯನ್ನು ಒದಗಿಸುವ ಸರ್ಕಾರ, ಅಡುಗೆಯನ್ನು ಬದಲಾಯಿಸಿಕೊಳ್ಳುವ ಅತ್ತೆ, ಜೊತೆಯಲ್ಲಿ ಕುಳಿತು ಉಣ್ಣುವ ಗಂಡ, ಇವರಿಷ್ಟು ಮಂದಿಯೂ ಸೇರಿ ಆ ಶಿಶುವಿನ ಮೊದಲ ಪರಿಸರ. ವಂಶವು ಕೊಟ್ಟುದನ್ನು ನಾವು ಆರಿಸಿಕೊಳ್ಳಲಿಲ್ಲ. ಪರಿಸರವನ್ನು ನಾವೇ ನಿರ್ಮಿಸುತ್ತೇವೆ, ಆದುದರಿಂದ ಅದಕ್ಕೆ ನಾವೇ ಉತ್ತರವಾದಿಗಳು.